ಮೂರು ಸೀಮೆಯ ಏಚಣ್ಣ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ತ್ರಿಕೂಟವೆಂಬ ನಾಡಿತ್ತು. ಅದರಲ್ಲಿ ಮಲೆಸೀಮೆ, ನದಿಸೀಮೆ, ಬಯಲುಸೀಮೆ ಎಂದು ಮೂರು ಸೀಮೆ. ಮೂರೂ ಸೇರುವಲ್ಲಿ ತಾಮ್ರದ ಗೋಪುರ ಕಟ್ಟಿಕೊಂಡು ಕರಾಳಕೇತು ಎಂಬ ಮಾಂತ್ರಿಕ ರಾಜ್ಯವಾಳುತ್ತಿದ್ದ. ಅವನು ಅನ್ನ ಉಣ್ಣುತ್ತಿರಲಿಲ್ಲ. ಜನರ ಜಗಳವೇ ಅವನಿಗೆ ಊಟ. ಅದಕ್ಕಾಗಿ ಒಂದು ಮಾಟ ಮಾಡಿದ್ದ: ಒಂದು ಸೀಮೆಯವರು ಆಡಿದ ಮಾತು ಇನ್ನೊಂದು ಸೀಮೆಯವರ ಕಿವಿಗೆ ಬೈಗುಳವಾಗಿಯೇ ಬೀಳುತ್ತಿತ್ತು. "ಊಟ ಆಯ್ತಾ?" ಎಂದರೆ "ನಿನ್ನ ಮನೆ ಹಾಳಾಗ!" ಎಂದು ಕೇಳಿಸುತ್ತಿತ್ತು. ಹೀಗೆ ಮುನ್ನೂರು ವರ್ಷ ಜನ ಬಡಿದಾಡಿದರು, ಮಾಂತ್ರಿಕ ಕೊಬ್ಬಿದ.

ಬಯಲುಸೀಮೆಯಲ್ಲಿ ಏಚಣ್ಣ ಎಂಬ ಉಪ್ಪಿನ ವ್ಯಾಪಾರಿಯಿದ್ದ. ಮಾತು ಕಡಿಮೆ, ತಾಳ್ಮೆ ಹೆಚ್ಚು. ಗಡಿಯ ಬಂಡೆಯ ಮೇಲೆ ಉಪ್ಪಿನ ಚೀಲ ಇಟ್ಟು ದೂರ ಸರಿಯುತ್ತಿದ್ದ. ನದಿಯವರು ಬಂದು ಒಣಮೀನು ಇಟ್ಟು ಉಪ್ಪು ಒಯ್ಯುತ್ತಿದ್ದರು. ಹಾಗೆ ಮುಖ ನೋಡದೆ ವ್ಯಾಪಾರ.

ಒಂದು ಬೇಸಗೆಯಲ್ಲಿ ಏಚಣ್ಣ ಬಿಸಿಲಿಗೆ ತಲೆ ತಿರುಗಿ ಅದೇ ಬಂಡೆಯ ಬಳಿ ಬಿದ್ದುಬಿಟ್ಟ. ಕಣ್ಣು ಬಿಟ್ಟಾಗ ನದಿಸೀಮೆಯ ಹೆಂಗಸೊಬ್ಬಳು ಬಾಗಿ ನಿಂತಿದ್ದಳು. ಅವಳು ದೋಣಿ ನಡೆಸುವ ಸಾಂತವ್ವ.

"ಸಾಯಿ, ಬಯಲು ನಾಯಿ!" ಎಂದು ಅವನ ಕಿವಿಗೆ ಕೇಳಿಸಿತು. ಕೈ ದೊಣ್ಣೆಗೆ ಹೋಯಿತು. ಆದರೆ ಅವಳ ಕೈಯಲ್ಲಿದ್ದ ನೀರಿನ ಚೊಂಬು ಅವನ ತುಟಿಗೆ ತಾಗಿತ್ತು. ಬೈಯುವವಳು ನೀರು ಯಾಕೆ ಕುಡಿಸುತ್ತಾಳೆ? ಅವನು ದೊಣ್ಣೆ ಬಿಟ್ಟು ಕುಡಿದ. ಅವಳು ಮತ್ತೆ ಏನೋ ಅಂದಳು; ಮತ್ತೆ ಬೈಗುಳ. ಅವನು ಕೈಮುಗಿದ. ಮೂರನೆಯ ಸಲ ಮಾತು ತಿಳಿಯಾಗಿ ಕೇಳಿಸಿತು: "ಮೆಲ್ಲಗೆ ಕುಡಿಯಪ್ಪ, ನೆತ್ತಿಗೇರೀತು."

ಏಚಣ್ಣ ಬೆರಗಾದ. "ಅವ್ವಾ, ಮೊದಲಿಂದಲೂ ಇದನ್ನೇ ಹೇಳ್ತಿದ್ದೆಯಾ?"

ಅವಳಿಗೂ ಅವನ ಮಾತು ಮೊದಲು ಬೈಗುಳವೇ. ಅವಳೂ ಮೂರು ಸಲ ತಾಳಿಕೊಂಡಳು. ಮಾಟ ಮುರಿಯುವ ಬಗೆ ಹೀಗೆ ತಿಳಿಯಿತು: ಸಿಟ್ಟಾಗದೆ ಮೂರು ಸಲ ಕೇಳಬೇಕು, ಅಷ್ಟೆ; ಆಮೇಲೆ ಮಾತೆಲ್ಲ ತಿಳಿಯಾಗಿಯೇ ಕೇಳಿಸುತ್ತಿತ್ತು.

ಇಬ್ಬರೂ ಊರೂರು ತಿರುಗಿ ಇದನ್ನು ಹೇಳಿಕೊಟ್ಟರು. ಕೆಲವರು ಕೇಳಿದರು, ಕೆಲವರು ಕಲ್ಲೆಸೆದರು. ಹಣೆಗೆ ಪಟ್ಟಿ ಕಟ್ಟಿಕೊಂಡು ಏಚಣ್ಣ ಮರುದಿನ ಅದೇ ಊರಿಗೆ ಹೋಗುತ್ತಿದ್ದ. ಜಗಳ ಕಡಿಮೆಯಾಯಿತು. ಗೋಪುರದಲ್ಲಿ ಕರಾಳಕೇತುವಿಗೆ ಹಸಿವು ಶುರುವಾಯಿತು.

ಅವನು ಮೊದಲು ತಾಮ್ರದ ಹಂದಿಯೊಂದನ್ನು ಕಳಿಸಿದ. ಒಂದು ಏಟು ಬಿದ್ದರೆ ಅದು ಒಂದು ಮೊಳ ಬೆಳೆಯುತ್ತಿತ್ತು. ಹುಡುಗರು ಬಡಿದು ಬಡಿದು ಅದನ್ನು ಗುಡಿಸಲಿನಷ್ಟು ಮಾಡಿದ್ದರು. "ಯಾರೂ ಹೊಡೀಬೇಡಿ!" ಎಂದು ಏಚಣ್ಣ ತಾನೇ ಮುಂದೆ ಹೋದ. ಬೊಗಸೆ ತುಂಬ ಉಪ್ಪು ಹಿಡಿದು ನಿಂತ. ಹಂದಿ ಮೂಸಿತು, ನೆಕ್ಕಿತು. ನೆಕ್ಕುತ್ತಾ ನೆಕ್ಕುತ್ತಾ ಮರಿಯಷ್ಟಾಗಿ ಪೊದೆಯೊಳಗೆ ಓಡಿತು.

ಮಲೆಸೀಮೆಯ ನಾಯಕ ದುಗ್ಗಪ್ಪ ಅಂದೇ ತನ್ನ ಜನರೊಂದಿಗೆ ಬಂದು ಸೇರಿಕೊಂಡ. ಎಲ್ಲರೂ ಕೂತು ಉಣ್ಣುವಾಗ ಆಕಾಶದಿಂದ ಮಾಂತ್ರಿಕನ ಧ್ವನಿ ಕೇಳಿತು: "ಏಚಣ್ಣಾ, ನಿನ್ನ ತಮ್ಮನನ್ನು ಕೊಂದವನು ನಿನ್ನ ಪಕ್ಕದಲ್ಲೇ ಕೂತಿದ್ದಾನೆ!"

ದುಗ್ಗಪ್ಪ ತುತ್ತು ಕೆಳಗಿಟ್ಟ. "ಸುಳ್ಳಲ್ಲ. ಹತ್ತು ವರ್ಷದ ಕೆಳಗೆ, ಗಡಿಯಲ್ಲಿ. ಅವನು ಏನೋ ಕೂಗಿದ. ನನಗೆ ಬೈದಂಗೆ ಕೇಳಿಸ್ತು. ಕೊಡಲಿ ಎತ್ತಿದೆ." ಕೊಡಲಿಯನ್ನು ಏಚಣ್ಣನ ಮುಂದಿಟ್ಟು ಕತ್ತು ಬಾಗಿಸಿದ.

ಏಚಣ್ಣ ಕೊಡಲಿ ಎತ್ತಿಕೊಂಡ.

"ಅವನ ಕೈ ಏನು ಮಾಡ್ತಿತ್ತು?" ಎಂದು ಕೇಳಿದ.

"ನನ್ನ ಕಾಲ ಕಡೆ ತೋರಿಸ್ತಿತ್ತು. ಆಮೇಲೆ ನೋಡಿದೆ. ಅಲ್ಲಿ ಹಾವಿತ್ತು."

ಏಚಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಎಷ್ಟೋ ಹೊತ್ತಿನ ಮೇಲೆ ಕೊಡಲಿಯನ್ನು ದೂರ ಎಸೆದ. "ನಿನ್ನನ್ನ ಕ್ಷಮಿಸೋಕೆ ಇವತ್ತು ನನ್ನ ಕೈಲಾಗಲ್ಲ, ದುಗ್ಗಪ್ಪ. ಆದರೆ ನಿನ್ನ ತಲೆ ತೆಗೆದರೆ ನಾಳೆ ನಿನ್ನ ಮಗ ನನ್ನ ತಲೆ ತೆಗೀತಾನೆ. ಏಳು. ಗೋಪುರದ ತನಕ ನನ್ನ ಜೊತೆ ನಡಿ."

ಮೂರು ಸೀಮೆಯೂ ಒಟ್ಟಾಗಿ ನಡೆಯಿತು. ಜಗಳವಿಲ್ಲದೆ ಬತ್ತಿಹೋಗಿದ್ದ ಕರಾಳಕೇತು ತಾನೇ ಹೊರಗೆ ಬಂದು, ಕಿರೀಟ ತೆಗೆದು ಏಚಣ್ಣನ ಕೈಗಿಟ್ಟು, "ಸೋತೆ. ಇನ್ನು ನೀನೇ ಆಳು" ಎಂದ. "ಏಚಣ್ಣ ಮಹಾರಾಜರಿಗೆ ಜಯವಾಗಲಿ!" ಎಂದು ಜನ ಕೂಗಿದರು.

ಕಿರೀಟ ಬೆಚ್ಚಗಿತ್ತು. ಏಚಣ್ಣನಿಗೆ ಆಸೆಯಾಯಿತು. ಕೆರೆ ಕಟ್ಟಿಸಬಹುದು, ದಾರಿ ಮಾಡಿಸಬಹುದು, ಬೇಡ ಅನ್ನುವವರು ಒಬ್ಬರೂ ಇರುವುದಿಲ್ಲ. ಈ ಕೊನೆಯ ಯೋಚನೆಗೆ ಅವನೇ ಬೆಚ್ಚಿದ.

"ನೀನೇನಂತೀಯವ್ವ?" ಎಂದು ಸಾಂತವ್ವನನ್ನು ಕೇಳಿದ.

"ನೀನೇನೋ ಒಳ್ಳೆಯವನಪ್ಪ. ನಿನ್ನ ಆಮೇಲೆ ಬರೋನು ಹೆಂಗಿರ್ತಾನೋ?"

ಏಚಣ್ಣ ನೆಟ್ಟಗೆ ಗೋಪುರದ ಬಳಿಯಿದ್ದ ಕಮ್ಮಾರನ ಕುಲುಮೆಗೆ ನಡೆದು ಕಿರೀಟವನ್ನು ಬೆಂಕಿಗೆ ಹಾಕಿದ. ಮಾಂತ್ರಿಕನ ಪ್ರಾಣವಿದ್ದುದು ಅದರಲ್ಲೇ. ತೊಟ್ಟವನ ಮೈಯೊಳಗೆ ಹೊಕ್ಕು ಇನ್ನೂ ಮುನ್ನೂರು ವರ್ಷ ಆಳಬೇಕೆಂದಿದ್ದ ಕರಾಳಕೇತು ಒಮ್ಮೆ ಕಿರುಚಿ ಹೊಗೆಯಾಗಿ ಹೋದ. ಮಾಟವೂ ಅಳಿಯಿತು.

ಜನರ ಒತ್ತಾಯಕ್ಕೆ ಏಚಣ್ಣ ಮೂರೇ ವರ್ಷ ನಾಡಿನ ಹಿರಿಯನಾಗಿರಲು ಒಪ್ಪಿದ. ಸೀಮೆಗೊಬ್ಬರಂತೆ ಕೂರಿಸಿಕೊಂಡು, ಅವರನ್ನು ಕೇಳದೆ ಒಂದು ಅಪ್ಪಣೆಯನ್ನೂ ಹೊರಡಿಸಲಿಲ್ಲ. ಮೂರು ವರ್ಷ ಮುಗಿದ ದಿನ ಜನ ಕಾಲು ಹಿಡಿದು ಅತ್ತರೂ, ಮೂರು ಸೀಮೆಯವರು ಆರಿಸಿದ ಸಾಂತವ್ವನಿಗೆ ಅಧಿಕಾರ ಒಪ್ಪಿಸಿ ಮನೆಗೆ ಹೋದ.

ಮರುವರ್ಷ ಹೊಲದ ಬದುವಿನ ವಿಚಾರದಲ್ಲಿ ಅವನಿಗೂ ನೆರೆಯವನಿಗೂ ತಕರಾರು ಬಂತು. ನ್ಯಾಯಕ್ಕೆ ಹೋದಾಗ ಕಾವಲುಗಾರರು ಗಡಬಡಿಸಿ ಎದ್ದು, "ನೀವು ಮುಂದೆ ಬನ್ನಿ, ಅಣ್ಣಾ" ಎಂದರು.

"ನನ್ನ ಸರದಿ ಬರಲಿ ಬಿಡಿ" ಎಂದು ಅವನು ಎಲ್ಲರ ಹಿಂದೆ ಕೂತ.

ಸಾಂತವ್ವ ಇಬ್ಬರ ಮಾತೂ ಕೇಳಿದಳು, ಹೊಲಕ್ಕೇ ಹೋಗಿ ನೋಡಿದಳು. ಆಮೇಲೆ ಹೇಳಿದಳು: "ತಪ್ಪು ನಿನ್ನದೇ, ಏಚಣ್ಣ. ಬದುವನ್ನ ಎರಡು ಮೊಳ ಹಿಂದಕ್ಕೆ ಹಾಕು."

ಏಚಣ್ಣ ಕೈಮುಗಿದು, "ಆಗಲಿ, ತಾಯಿ" ಎಂದ. ಅಲ್ಲೇ ಗುದ್ದಲಿ ತರಿಸಿ, ಪಂಚೆ ಮೇಲಕ್ಕೆ ಕಟ್ಟಿ, ತಾನೇ ಬದು ಕಡಿಯತೊಡಗಿದ. ಸ್ವಲ್ಪ ಹೊತ್ತಿಗೆ ನೆರೆಯವನೂ ಇಳಿದು ಮಣ್ಣು ಎತ್ತಿದ.

ಅಂದಿನಿಂದ ತ್ರಿಕೂಟದಲ್ಲಿ ನ್ಯಾಯಕ್ಕೆ ತಲೆಬಾಗದವರಿಲ್ಲ. ಮೂರು ಸೀಮೆಯವರೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತಾ, ಒಂದೇ ಚಪ್ಪರದಡಿ ಮದುವೆಯೂಟ ಉಣ್ಣುತ್ತಾ ನೂರ್ಕಾಲ ಬಾಳಿದರು.