ಆರತಿ ಯಾರ ಕಡೆಗೆ

ಆರತಿಯ ತಟ್ಟೆ ತೇಜಶ್ರೀಯ ಮುಖದ ಮುಂದೆ ಬಂತು. ಅವಳು ಕಣ್ಣು ಮುಚ್ಚಿ ತಲೆ ಬಾಗಿಸಿದಳು.

ತಟ್ಟೆ ಒಂದು ಗಳಿಗೆ ಅಲ್ಲೇ ತಡೆಯಿತು. ಆಮೇಲೆ ಮೆಲ್ಲನೆ ಬಲಕ್ಕೆ ಸರಿದು, ಅವಳ ಪಕ್ಕದಲ್ಲಿದ್ದ ಗಂಡಸಿನ ಮುಂದೆ ಸುತ್ತತೊಡಗಿತು.

ಕಣ್ಣು ಬಿಟ್ಟವಳಿಗೆ ನಗಬೇಕೋ ಸಿಡುಕಬೇಕೋ ತಿಳಿಯಲಿಲ್ಲ. ಆ ಗಂಡಸು ಹಲಸೂರಿನಿಂದ ಆಗತಾನೇ ಬಂದಿಳಿದಿದ್ದ ಮೈಕ್ ಸೆಟ್‌ನವನು. ಅವನ ಹೆಸರೂ ಅವಳಿಗಿನ್ನೂ ಗೊತ್ತಿರಲಿಲ್ಲ.

"ಅಮ್ಮಾ... ನಾನಲ್ಲಮ್ಮ. ನಾನು ಮೈಕಿನೋನು."

ಕೈಯಲ್ಲಿದ್ದ ಮೈಕ್ ಆನ್ ಆಗಿಯೇ ಇತ್ತು. ಅವನ ಗಾಬರಿ ಬೀದಿಯ ಕೊನೆಯವರೆಗೂ ಕೇಳಿಸಿತು. ಜಗಲಿಗಳ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆದರೆ ಅಷ್ಟರಲ್ಲಿ ತಟ್ಟೆ ಹಿಡಿದಿದ್ದ ಮುದುಕಿ ಮುನಿವೆಂಕಟಮ್ಮ ಅವನ ಹಣೆಗೆ ಕುಂಕುಮ ಒತ್ತಿಯಾಗಿತ್ತು.

"ಮತ್ತೆ ನಿಂತಿರೋರ್ಯಾರು ಎಲೆಕ್ಷನ್‌ಗೆ?" ಮುದುಕಿ ಕೇಳಿತು.

"ನಾನಜ್ಜಿ. ದಿನಾ ನಿನ್ನ ಹಾಲು ಅಳೆಯೋಳು."

"ಅಯ್ಯೋ, ನೀನಾ ತಾಯಿ... ಕೈ ತಾನಾಗೇ ಆ ಕಡೆ ಹೋಯ್ತಲ್ಲ."

ಮೈಕಿನವನು ಹಣೆ ಒರೆಸಿಕೊಳ್ಳಲೂ ಆಗದೆ, ಬಿಡಲೂ ಆಗದೆ ಅವಳತ್ತ ನೋಡಿದ. ಕ್ಷಮೆ ಕೇಳುವ ಆ ಕಣ್ಣುಗಳಲ್ಲಿ ನಗುವೂ ಒಂಚೂರು ಇತ್ತು. ತೇಜಶ್ರೀ ಸರಕ್ಕನೆ ಮುಖ ತಿರುಗಿಸಿ ಮುಂದಿನ ಮನೆಗೆ ನಡೆದಳು. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ... ಸಿಟ್ಟಿಗೇ ಇರಬೇಕು ಎಂದುಕೊಂಡಳು.

ಕೆ.ಆರ್. ಪುರದ ಹಿಂದೆ, ಕೆರೆಯ ಕೋಡಿಗೆ ಅಂಟಿಕೊಂಡಿದ್ದ ಹಳ್ಳಿ ಅದು. ಈಗ ಪಾಲಿಕೆಯ ಒಂದು ವಾರ್ಡು. ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಒಂದೆರಡು ರಾಗಿ ಹೊಲ ಉಳಿದಿದ್ದವು, ಹಿತ್ತಲುಗಳಲ್ಲಿ ಹಸುಗಳಿದ್ದವು, ನಸುಕಿನಲ್ಲಿ ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸದ್ದು ಏಳುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಡೈರಿಯನ್ನು ನಡೆಸುತ್ತಿದ್ದವಳು ತೇಜಶ್ರೀ. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕೆರೆಗೆ ಕೊಳಚೆ ಸುರಿಯಲು ಬಂದ ಟ್ಯಾಂಕರಿಗೆ ಅಡ್ಡ ನಿಂತು, ಅದನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದವಳು. ಹೊಸ ಸೈಟಿಗೆ ಕೆರೆಯಂಚು ಮುಚ್ಚುವ ಮಾತು ಕೇಳಿಬಂದಾಗ, ಇನ್ನು ಬೀದಿಯಲ್ಲಿ ಅಡ್ಡ ನಿಂತರೆ ಸಾಲದು ಎಂದು ಚುನಾವಣೆಗೇ ನಿಂತಿದ್ದಳು. ಸೋತರೆ ಕೆರೆ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಎದುರಾಳಿ ಮುನಿನಂಜಪ್ಪ. ವೇದಿಕೆ ಹತ್ತಿದರೆ ಮೇಜು ಗುದ್ದುತ್ತಿದ್ದ. ಜನ "ಗಟ್ಟಿ ಮನುಷ್ಯ" ಎಂದು ತಲೆದೂಗುತ್ತಿದ್ದರು. ತೇಜಶ್ರೀ ಸ್ವಲ್ಪ ದನಿ ಎತ್ತಿದರೆ ಅದೇ ಜನ "ಬಲು ಜೋರು ಹೆಣ್ಣು, ಇವಳು ಯಾರ ಮಾತು ಕೇಳ್ತಾಳೆ" ಎನ್ನುತ್ತಿದ್ದರು. ಮೆಲ್ಲಗೆ ಮಾತಾಡಿದರೆ, "ಇಷ್ಟು ಮೆತ್ತಗಿದ್ರೆ ಕೆಲಸ ಮಾಡಿಸ್ತಾಳಾ?"

ಆ ಸಂಜೆ ಆಟೋದ ಮೇಲಿನ ಹಾರ್ನ್ ಸ್ಪೀಕರಿನಿಂದ ಬರುತ್ತಿದ್ದ ದನಿಯನ್ನು ಅವಳು ನಿಂತು ಕೇಳಿದಳು. *ಸೌಮ್ಯ ಸ್ವಭಾವದ, ನಿಮ್ಮ ಮನೆಮಗಳು...*

"ಇಲ್ಲಿ ಬನ್ರಿ. ಹೆಸರೇನು?"

"ಸುಗತ, ಮೇಡಂ."

"ನಂಜಪ್ಪನಿಗೂ ನೀವೇ ಕೂಗಿದ್ರಂತೆ ಹಿಂದಿನ ಸಲ. ಏನಂತ?"

"ಧೀಮಂತ ನಾಯಕ, ಛಲಗಾರ..."

"ನಾನು ಸೌಮ್ಯ ಅಂತ ನಿಮಗ್ಯಾರು ಹೇಳಿದ್ದು?"

ಅವನು ಅವಳ ಮುಖವನ್ನೇ ಒಂದು ಕ್ಷಣ ನೋಡಿದ. "ಯಾರೂ ಹೇಳಿಲ್ಲ ಮೇಡಂ. ಈಗ ನೋಡಿದ್ರೆ ಖಂಡಿತ ಯಾರೂ ಹೇಳೋದೂ ಇಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಅದೇ ದನಿ ಬೀದಿಬೀದಿಯಲ್ಲಿ ಬೇರೆಯೇ ಮಾತು ಹೇಳುತ್ತಿತ್ತು. *ಕೊಳಚೆ ಟ್ಯಾಂಕರನ್ನ ಒಬ್ಬರೇ ನಿಂತು ತಡೆದವರು. ಹಾಲಿನಲ್ಲಿ ಒಂದು ಹನಿ ಮೋಸ ಮಾಡದವರು. ಕೆರೆ ಉಳಿಸೋ ಛಲಗಾರ್ತಿ ತೇಜಶ್ರೀ...*

ಹಾಲಿನ ಕ್ಯಾನಿನ ಮೇಲೆ ಅವಳ ಕೈ ಹಾಗೇ ನಿಂತಿತು. ತನ್ನ ಹೆಸರು ಇಷ್ಟು ಚೆನ್ನಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ದಿನಗಳು ಓಡಿದವು. ಬಿಸಿಲಿನಲ್ಲಿ ಅವಳ ಗಂಟಲು ಕಟ್ಟಿದರೆ ಬಿಸಿನೀರಿನ ಬಾಟಲಿ ಕೇಳದೆಯೇ ಮುಂದೆ ಬರುತ್ತಿತ್ತು. ಅವಳು ಮಾತಾಡುವಾಗ ಅವನು ಎಂದೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಹಳೆಯ ಬೀದಿಗಳಲ್ಲಿ ತಟ್ಟೆ ಮತ್ತೆ ಮತ್ತೆ ಅವನತ್ತ ಸರಿಯುತ್ತಿತ್ತು. ಅವನು ಪ್ರತಿಸಲವೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವನು ಹಾಗೆ ಸರಿದಾಗಲೆಲ್ಲ ಅವಳ ಮನಸ್ಸು ಒಂದು ಹೆಜ್ಜೆ ಅವನತ್ತ ಹೋಗುತ್ತಿತ್ತು.

ವಿಚಿತ್ರವೆಂದರೆ, ಬರಬರುತ್ತಾ ಬಾಗಿಲುಗಳು ಸಲೀಸಾಗಿ ತೆರೆಯತೊಡಗಿದವು. ಮೊದಲು ಮುಖ ಸಿಂಡರಿಸಿದವರೂ ಈಗ ಒಳಕ್ಕೆ ಕರೆದರು. ಗೆಲ್ತೀನೇನೋ... ಎಂಬ ಸಂಭ್ರಮದಲ್ಲೇ ಅವಳು ಕೆರೆಯ ಬದಿಯ ಬೀದಿಗೆ ಕಾಲಿಟ್ಟಳು.

"ಯಾಕವ್ವ, ಮದುವೆ ಊಟ ಹಾಕ್ಸದೇ ಬಿಟ್ಟೆ?" ಒಬ್ಬ ಹೆಂಗಸು ಅರಿಶಿನ ಕುಂಕುಮ ಕೊಡುತ್ತ ಕೇಳಿದಳು. "ಮೈಕ್ ಹಿಡ್ಕೊಂಡಿರೋರೇ ಯಜಮಾನ್ರಂತೆ. ಗಂಡ ಜೊತೇಲೇ ಓಡಾಡ್ತಾನೆ ಅಂದ್ರೆ ಒಳ್ಳೆ ಹೆಣ್ಣೇ ಬಿಡು. ನಮ್ಮನೆ ಓಟು ನಿಂಗೇ."

ತೇಜಶ್ರೀಯ ಕಿವಿ ಗುಯ್ಯೆಂದಿತು.

ಹಾಗಾದರೆ ಈ ಬಾಗಿಲುಗಳು ತೆರೆದದ್ದು ಟ್ಯಾಂಕರಿಗಲ್ಲ, ಕೆರೆಗಲ್ಲ, ತನಗೂ ಅಲ್ಲ... ಪಕ್ಕದಲ್ಲಿ ನಿಂತ ಒಂದು ಪ್ಯಾಂಟು ಶರ್ಟಿಗೆ.

ಕೋಡಿಯ ಕಲ್ಲಿನ ಹತ್ತಿರ ಅವನನ್ನು ತಡೆದು ನಿಲ್ಲಿಸಿದಳು.

"ನನ್ನ ಗಂಡ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಸುಗತನ ಮುಖ ಬಿಳಿಚಿತು. "ನಾನು ಹೇಳಿಲ್ಲ."

"ಮತ್ತ್ಯಾರು ಹೇಳಿದ್ದು?"

ಅವನ ಕಣ್ಣು ಅವಳ ಭುಜದಾಚೆ ಹೋಯಿತು. ಅಲ್ಲಿ ಟೀ ಅಂಗಡಿಯಲ್ಲಿ, ಅವಳ ಪ್ರಚಾರದ ಉಸ್ತುವಾರಿ ಹೊತ್ತಿದ್ದ ಚಿಕ್ಕಪ್ಪ ಚಿಕ್ಕವೆಂಕಟಪ್ಪ ಹತ್ತಾರು ಜನರ ನಡುವೆ ಕೂತು ಗೆಲುವಿನ ಲೆಕ್ಕ ಹೇಳುತ್ತಿದ್ದ. ಸುಗತ ತುಟಿ ಬಿಚ್ಚಲಿಲ್ಲ.

"ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ..." ಅವಳ ದನಿ ಒಡೆಯಿತು.

ಅವನು ಮೈಕನ್ನು ಅವಳ ಕೈಗಿಟ್ಟ. "ಬಟನ್ ಇಲ್ಲಿದೆ. ಮೇಲಕ್ಕೆ ಒತ್ತಿದ್ರೆ ಆನ್. ಸೆಟ್ ಇಲ್ಲೇ ಇರ್ಲಿ, ಎಲೆಕ್ಷನ್ ಮುಗಿದ ಮೇಲೆ ತಗೊಂಡು ಹೋಗ್ತೀನಿ."

ತಿರುಗಿ ನೋಡದೆ ನಡೆದುಹೋದ. ಅವಳು ಅಳಬಾರದೆಂದು ಕೆರೆಯ ನೀರನ್ನು ನೋಡುತ್ತ ನಿಂತಳು. ಆದರೂ ಅತ್ತಳು.

ಮಾರನೆಯ ಬೆಳಿಗ್ಗೆ ಮುನಿವೆಂಕಟಮ್ಮ ಹಾಲಿನ ಚೊಂಬು ಚಾಚುತ್ತ ಕೇಳಿತು, "ಎಲ್ಲಿ ನಿನ್ನ ಗಂಡ?"

"ಅವರು ನನ್ನ ಗಂಡ ಅಲ್ಲಜ್ಜಿ. ಅವರೇ ಸುಳ್ಳು ಹೇಳ್ಕೊಂಡು..."

"ಅವನ್ಯಾಕೆ ಹೇಳ್ತಾನೆ? ಅವನು ಪಾಪ, ನಾನು ಯಜಮಾನ್ರೇ ಅಂದ್ರೆ ಕೈ ಮುಗಿದು ಅಲ್ಲಮ್ಮ ಅಂತಿದ್ದ. ಮನೆಮನೆಗೆ ಬಂದು ಹೇಳಿದ್ದು ನಿಮ್ಮ ಚಿಕ್ಕಪ್ಪ. ಗುಟ್ಟಾಗಿ ಮದುವೆ ಆಗೈತೆ ಅಂತ."

ಚೊಂಬು ತುಂಬಿ ಹಾಲು ಚೆಲ್ಲಿತು.

ಚಿಕ್ಕಪ್ಪ ಅಡಗಿಸುವ ಗೋಜಿಗೇ ಹೋಗಲಿಲ್ಲ. "ಹೂಂ, ನಾನೇ ಹೇಳ್ದೆ. ಮೊದಲನೇ ದಿನ ಆರತಿ ಆ ಕಡೆ ತಿರುಗಿದಾಗಲೇ ನಂಗೆ ಗೊತ್ತಾಯ್ತು ಓಟು ಎಲ್ಲೈತೆ ಅಂತ. ನಂಜಪ್ಪ ಕೂಗಿದ್ರೆ ಗಂಡಸು, ನೀನು ಕೂಗಿದ್ರೆ ಬಜಾರಿ. ಪಕ್ಕದಲ್ಲೊಬ್ಬ ನಿಂತಿದ್ರೆ ನಿನ್ನ ಕೂಗು ಜನಕ್ಕೆ ಮೆತ್ತಗೆ ಕೇಳ್ಸುತ್ತೆ. ನಿನಗೆ ಕೆರೆ ಬೇಕಾ ಬೇಡ್ವಾ?"

ಬೇಕಿತ್ತು. ಅದಕ್ಕೇ ಅವಳಿಗೆ ಆ ದಿನವಿಡೀ ಅನ್ನ ಸೇರಲಿಲ್ಲ. ಸುಮ್ಮನಿದ್ದರೆ ಗೆಲುವು ಕೈಯಳತೆಯಲ್ಲಿದೆ. ಬಾಯಿ ಬಿಟ್ಟರೆ...

ಅವರು ನಿಮ್ಮ ಮರ್ಯಾದೆ ಉಳಿಸೋಕೆ ಸುಮ್ಮನಿದ್ರು ಚಿಕ್ಕಪ್ಪ, ನಾನು ಅವರ ಮರ್ಯಾದೆನೇ ಕಳೆದೆ ಎಂದು ಒಳಗೊಳಗೇ ಬೆಂದಳು.

ಪ್ರಚಾರದ ಕೊನೆಯ ಸಂಜೆ ಅರಳಿಕಟ್ಟೆಯ ಸುತ್ತ ಜನ ತುಂಬಿದ್ದರು. ತೇಜಶ್ರೀ ಮೈಕ್ ಎತ್ತಿಕೊಂಡಳು. ಬಟನ್ನನ್ನು ಮೇಲಕ್ಕೆ ಒತ್ತಿದಳು.

"ನನಗೆ ಮದುವೆ ಆಗಿಲ್ಲ. ಆಗಿದೆ ಅಂತ ನಿಮಗೆ ಹೇಳಿದ್ದು ಸುಳ್ಳು. ಆ ಸುಳ್ಳಿಗೆ ಓಟು ಹಾಕೋದಾದ್ರೆ ಹಾಕ್ಬೇಡಿ."

ಚಿಕ್ಕಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ.

"ನಾನು ಜೋರೇ. ಟ್ಯಾಂಕರ್ ಬಂದಾಗ ನಾನು ಮೆತ್ತಗಿದ್ದಿದ್ರೆ ನಿಮ್ಮ ಹಸುಗಳು ಇವತ್ತು ಏನು ಕುಡೀತಿದ್ವು? ಅವತ್ತು ಯಾರೂ ನನ್ನ ಗಂಡ ಎಲ್ಲಿ ಅಂತ ಕೇಳ್ಲಿಲ್ಲ. ಇವತ್ತ್ಯಾಕೆ ಕೇಳ್ತೀರ?"

ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೋದರು. ಮುಗೀತು... ಎಂದುಕೊಂಡಳು.

ಆಗ ಮುನಿವೆಂಕಟಮ್ಮ ಸೊಸೆಯ ಕೈಯಿಂದ ಆರತಿ ತಟ್ಟೆ ಕಿತ್ತುಕೊಂಡು ಕಟ್ಟೆ ಹತ್ತಿತು. "ಇಷ್ಟು ವರ್ಷ ತಟ್ಟೆ ಗಂಡಸ್ರ ಕಡೆಗೇ ತಿರುಗ್ಸಿ ಕೈ ಅಭ್ಯಾಸ ಆಗೋಗೈತೆ ತಾಯಿ. ಇರು, ಈ ಸಲ ಕಣ್ಣು ಬಿಟ್ಕೊಂಡೇ ಎತ್ತುತೀನಿ."

ತಟ್ಟೆ ತೇಜಶ್ರೀಯ ಮುಂದೆ ಸುತ್ತಿತು. ಎಲ್ಲೂ ತಡೆಯಲಿಲ್ಲ.

ಎಣಿಕೆಯ ದಿನ ಮುನಿನಂಜಪ್ಪ ಮಧ್ಯಾಹ್ನದವರೆಗೂ ಮುಂದಿದ್ದ. ಕೊನೆಗೆ ಬಿಚ್ಚಿದ್ದು ಹಳೇ ಊರಿನ ಬೂತುಗಳು. ಕೂದಲೆಳೆಯಲ್ಲಿ ತೇಜಶ್ರೀ ಗೆದ್ದಳು. ತಮಟೆ, ಪಟಾಕಿ, ಹಾರ... ಹಾರಗಳ ಸಂದಿಯಿಂದ ಅವಳ ಕಣ್ಣು ಗುಂಪಿನಲ್ಲೆಲ್ಲ ಒಂದೇ ಮುಖವನ್ನು ಹುಡುಕಿತು. ಅವನು ಬಂದಿರಲಿಲ್ಲ.

ಮರುದಿನ ಬೆಳಗಿನ ಹಾಲು ಅಳೆದು ಮುಗಿಸಿ, ಅವಳು ಮೈಕನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದಳು. ಹಲಸೂರಿನ ಗುಡಿಯ ಹಿಂದಿನ ಓಣಿಯಲ್ಲಿ, ಒಂದರ ಮೇಲೊಂದು ಪೇರಿಸಿಟ್ಟ ಸ್ಪೀಕರುಗಳ ನಡುವೆ ಸುಗತ ವೈರು ಸುತ್ತುತ್ತ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ವೈರು ಕೈಯಿಂದ ಬಿಚ್ಚಿ ಬಿತ್ತು.

"ತಪ್ಪಾಯ್ತು," ಎಂದಳು. "ಕೇಳಿಸ್ಕೊಳ್ಳದೇ ಅಂದ್ಬಿಟ್ಟೆ."

"ನೀವು ಅರಳಿಕಟ್ಟೆ ಮೇಲೆ ಮಾತಾಡಿದ್ದು ಕೇಳಿದೆ. ಹಿಂದೆ, ಹುಣಸೆಮರದ ಹತ್ರ ನಿಂತಿದ್ದೆ."

"ಮತ್ತೆ ನಿನ್ನೆ? ಗೆದ್ದಾಗ ಯಾಕೆ ಬರ್ಲಿಲ್ಲ?"

"ಸೋತಿದ್ರೆ ಓಡಿ ಬರ್ತಿದ್ದೆ. ಗೆದ್ದಾಗ ನಾನು ಪಕ್ಕದಲ್ಲಿ ನಿಂತ್ರೆ, ಹಾರ ಮತ್ತೆ ಈ ಕಡೆ ತಿರುಗುತ್ತೆ ಅಂತ..." ಅವನು ತಲೆ ತಗ್ಗಿಸಿದ. "ಅದು ಪೂರ್ತಿ ನಿಮ್ಮದಾಗಿರ್ಲಿ ಅನ್ನಿಸ್ತು."

ಅವಳು ಚೀಲದಿಂದ ಮೈಕ್ ತೆಗೆದು ಸ್ಪೀಕರಿನ ಮೇಲಿಟ್ಟಳು.

"ಸುಗತ... ಒಂದು ಕೇಳ್ಲಾ? ಸುಳ್ಳಿಗೆ ಅಷ್ಟು ದಿನ ನಿಂತ್ರಿ. ನಿಜಕ್ಕೆ ನಿಲ್ತೀರಾ?"

"ನಿಮ್ಮ ಚಿಕ್ಕಪ್ಪ? ಹಲಸೂರಿನ ನಮ್ಮ ಜನ ಯಾವ ಜಾತಿ ಅಂತ ಅವರಿಗೆ ಗೊತ್ತು."

"ಓಟಿಗೆ ಆಗೋ ಗಂಡ ಮನೆಗ್ಯಾಕೆ ಆಗಲ್ಲ ಅಂತ ಕೇಳಿದೆ. ಇನ್ನೂ ಉತ್ತರ ಹುಡುಕ್ತಿದ್ದಾರೆ."

ಸುಗತ ನಕ್ಕುಬಿಟ್ಟ. ಮೊದಲ ದಿನದ ಅದೇ ನಗು, ಈಗ ಬಚ್ಚಿಟ್ಟುಕೊಳ್ಳದೆ. "ನಮ್ಮನೇಲಿ ಆರತಿ ಎತ್ತೋ ಪದ್ಧತಿ ಇಲ್ಲ ಮೇಡಂ. ಅಮ್ಮ ಕಾಫಿ ಕೊಡ್ತಾರೆ ಅಷ್ಟೆ."

"ಮೊದಲ ಲೋಟ ಯಾರಿಗೆ ಕೊಡ್ತಾರೆ?"

"ಯಾರು ಹತ್ತಿರ ಇರ್ತಾರೋ ಅವ್ರಿಗೆ."

ತೇಜಶ್ರೀ ಅವನ ಕೈ ಹಿಡಿದುಕೊಂಡಳು. "ಹಾಗಾದ್ರೆ ಜೊತೇಲೇ ಹೋಗೋಣ. ಮೇಡಂ ಅನ್ನೋದು ಬಿಡಿ."

"ಏನನ್ಲಿ?"

"ಬೀದಿಬೀದೀಲಿ ಕೂಗ್ತಿದ್ರಲ್ಲ, ಅದೇ. ಸ್ವಲ್ಪ ಮೆತ್ತಗೆ."

"ತೇಜಶ್ರೀ," ಎಂದ ಅವನು, ಮೈಕ್ ಇಲ್ಲದೆ.