ಕೊನೆಯ ಎಂಟು ನಿಮಿಷ

ಶನಿವಾರ ಸಂಜೆ 5.50ಕ್ಕೆ ನಜರ್‌ಬಾದ್ ಠಾಣೆಗೆ ಬಂದ ದೂರು ಅರ್ಧ ಪುಟದ್ದು. ಕೊಟ್ಟವನು ಅಂತರರಾಷ್ಟ್ರೀಯ ನಾಟಕೋತ್ಸವದ ವ್ಯವಸ್ಥಾಪಕ ವಾಗೀಶ. ಯುರೋಪಿನ ಉತ್ಸವವೊಂದಕ್ಕೆ ನಾಟಕಗಳನ್ನು ಆರಿಸಲು ಮುಂಬಯಿಯಿಂದ ಬಂದಿದ್ದ ಮಾಲವಿಕಾ, ನಲವತ್ತಾರು ವರ್ಷ, ನಾಲ್ಕು ಗಂಟೆಗೆ ಶುರುವಾದ ಪ್ರದರ್ಶನದಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದಿತ್ತು ಅದರಲ್ಲಿ.

“ಹೃದಯಾಘಾತ ಅಂತ ಯಾರು ಹೇಳಿದ್ರು?” ಇನ್ಸ್‌ಪೆಕ್ಟರ್ ಯಶೋಧಾ ಕೇಳಿದಳು.

“ಹಂಗೇ ಕಾಣ್ತಿತ್ತು ಮೇಡಂ. ಏಳು ದಿನದಲ್ಲಿ ಮೂವತ್ನಾಲ್ಕು ನಾಟಕ.”

“ಎಲ್ಲಾ ಪೂರ್ತಿ ನೋಡ್ತಿದ್ರಾ?”

“ಎಲ್ಲಿಂದ ಬಂತು? ಹದಿನೈದು ನಿಮಿಷ ನೋಡಿ, ಎದ್ದು ಮುಂದಿನದಕ್ಕೆ ಹೋಗೋರು. ಆರಿಸೋರೆಲ್ಲಾ ಹಂಗೇನೆ. ಬಾಗಿಲ ಪಕ್ಕದ ಸೀಟು ಅವರಿಗೇ ಅಂತ ಇಡ್ತೀವಿ.”

“ಇವತ್ತು ಯಾಕೆ ಎದ್ದು ಹೋಗಲಿಲ್ಲ?”

ವಾಗೀಶ ನೀರು ಕೇಳಿ ಕುಡಿದ.

ಅಸಹಜ ಸಾವಿನ ಪ್ರಕರಣ ದಾಖಲಾಯಿತು. 6.40ಕ್ಕೆ ಸ್ಥಳ ಪಂಚನಾಮೆ. ಹಿಂದೆ ಗೋದಾಮಾಗಿದ್ದ ಎಂಬತ್ತು ಆಸನಗಳ ರಂಗಮಂದಿರ. ಪ್ರೇಕ್ಷಕರಿಗೆ ಹಿಂಬದಿಯಲ್ಲಿ ಒಂದೇ ಬಾಗಿಲು. ಅದರ ಒಳಮೈಯಲ್ಲಿ, ಕೈಯೆತ್ತರದಿಂದ ಮೊಣಕಾಲೆತ್ತರದವರೆಗೆ, ಬಣ್ಣದ ಮೇಲೆ ಉಗುರಿನ ಗೀರುಗಳು. ಹೊರಗಿನ ಚಿಲಕದ ಮೇಲೆ ಬಿಳಿ ಕಲೆ. ಹೆಡ್ ಕಾನ್‌ಸ್ಟೆಬಲ್ ಮಂಟೇಸ್ವಾಮಿ ಮೂಸಿದ.

“ಮೇಕಪ್ಪು ಮೇಡಂ. ನಮ್ಮೂರ್ ನಾಟಕದಲ್ಲಿ ನಾನೂ ಬಳ್ಕೊಂಡಿವ್ನಿ.”

“ಯಾವ ಪಾತ್ರ?”

“ದ್ರೌಪದಿ.”

ಕಾನ್‌ಸ್ಟೆಬಲ್ ಕೀರ್ತಿಗೆ ನಗು ಬಂತು. ಗೀರುಗಳನ್ನು ನೋಡಿ ನುಂಗಿಕೊಂಡಳು.

“ವಾಗೀಶ್, ಈ ಚಿಲಕ ತೆಗೆದಿದ್ದು ಯಾರು?”

“ನಾನೇ. ನಾಟಕ ಮುಗಿದು ಜನ ಒಳಗಿಂದ ತಳ್ತಿದ್ರು.”

“ದೂರಿನಲ್ಲಿ ಬರೆದಿಲ್ಲ.”

“ಉತ್ಸವದ ಹೆಸರು ಮೇಡಂ. ಇನ್ನೂ ಮೂರು ದಿನ ಇದೆ.”

ಆಸ್ಪತ್ರೆಯಿಂದ ವೈದ್ಯರು ಫೋನಿನಲ್ಲಿ ಹೇಳಿದರು: ಹೃದಯವಲ್ಲ, ಅಸ್ತಮಾ. ಕೊನೆಯ ದೃಶ್ಯ 4.50ಕ್ಕೆ ಯಂತ್ರದ ಹೊಗೆಯೊಂದಿಗೆ ಶುರುವಾಗಿತ್ತು. ಮಾಲವಿಕಾಳ ಇನ್‌ಹೇಲರ್ ಬ್ಯಾಗಿನಲ್ಲಿತ್ತು. ಬ್ಯಾಗು, ಉತ್ಸವದ ನಿಯಮದಂತೆ, ಹೊರಗೆ ಗೇಟಿನ ಬಳಿಯ ಕೌಂಟರಿನಲ್ಲಿತ್ತು. 4.20ಕ್ಕೆ ಆಕೆ ಒಮ್ಮೆ ಎದ್ದು ಬಾಗಿಲು ತಳ್ಳಿ, ತೆರೆಯದ್ದಕ್ಕೆ ಸುಮ್ಮನೆ ಬಂದು ಕೂತಿದ್ದನ್ನು ಪಕ್ಕದವರು ನೋಡಿದ್ದರು.

ಪ್ರೇಕ್ಷಕರು ಅರವತ್ತೆರಡು ಮಂದಿ. ಸಿಕ್ಕ ಮೂವತ್ತೊಂದು ಜನರ ಹೇಳಿಕೆಗಳಲ್ಲೂ ಒಂದೇ ಮಾತು: ನಾಟಕದ ಭಾಗ ಅಂದುಕೊಂಡೆವು. ಹೊಸ ಬಗೆಯ ನಾಟಕ. ಆರಂಭದಲ್ಲೇ ಇಬ್ಬರು ನಟರು ಪ್ರೇಕ್ಷಕರ ನಡುವಿನಿಂದ ಎದ್ದು ಬಂದಿದ್ದರು. ಹಾಗಾಗಿ ಹಿಂದಿನ ಸಾಲಿನ ಹೆಂಗಸು ಬಾಗಿಲು ಬಡಿಯತೊಡಗಿದಾಗ ಎಲ್ಲರೂ ಶ್ರದ್ಧೆಯಿಂದ ಅತ್ತ ತಿರುಗಿದರು. ಒಬ್ಬ ಮೊಬೈಲಿನಲ್ಲಿ ನಾಲ್ಕು ನಿಮಿಷ ಚಿತ್ರೀಕರಿಸಿದ್ದ. ಆಕೆ ಕುಸಿಯುವಾಗ ಪಕ್ಕದವನು ಜಾಗವಾಗಲೆಂದು ಕಾಲು ಸರಿಸಿಕೊಂಡ. ಮೈ ಅಲುಗಾಟ ನಿಂತ ಮೇಲೆ ಮೊದಲ ಚಪ್ಪಾಳೆ ಬಿತ್ತು.

“ಅಯ್ಯೋ, ಚಪ್ಪಾಳೆ ಹೊಡೀತಿದಾರಲ್ಲ ಮೇಡಂ,” ಎಂದಳು ಆ ವಿಡಿಯೋ ನೋಡುತ್ತಿದ್ದ ಕೀರ್ತಿ.

ಯಶೋಧಾ ಅದನ್ನು ಎರಡನೇ ಸಲ ನೋಡಿದಳು. ನಟರು ಆರು ಜನ. ಐವರು ಮೊದಲಿನಿಂದ ಕೊನೆಯವರೆಗೂ ಪ್ರೇಕ್ಷಕರ ಕಣ್ಣೆದುರೇ ಇದ್ದವರು. ಆರನೆಯವಳು ಚಂದ್ರಮತಿ, ಐವತ್ತೇಳು ವರ್ಷ. ಕೊನೆಯ ಎಂಟು ನಿಮಿಷ ಮಾತ್ರ ಬರುವ ಸತ್ತ ತಾಯಿಯ ಪಾತ್ರ ಅವಳದು. ಕೈಗೆ ಬಿಳಿ ಬಳಿದುಕೊಳ್ಳುವುದು ಅವಳೊಬ್ಬಳೇ. ಬಣ್ಣದ ಕೋಣೆಯಿಂದ ಹೊರಬಿದ್ದು, ಕಟ್ಟಡ ಬಳಸಿ ಪ್ರೇಕ್ಷಕರ ಬಾಗಿಲಿಗೆ ಬರಲು ನಲವತ್ತು ಹೆಜ್ಜೆ.

ಸೂರ್ಯಾಸ್ತದ ನಂತರ ಹೆಂಗಸನ್ನು ಬಂಧಿಸಲು ಬರುವುದಿಲ್ಲ. ಕುವೆಂಪುನಗರದ ಅವಳ ಮನೆಯೆದುರು ಕಾವಲು ಹಾಕಿ, ಭಾನುವಾರ ಬೆಳಿಗ್ಗೆ 6.50ಕ್ಕೆ ಯಶೋಧಾ ಬಾಗಿಲು ತಟ್ಟಿದಳು. ಚಂದ್ರಮತಿ ತಲೆ ಬಾಚಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

“ಚಿಲಕ ಹಾಕಿದ್ದು ನೀವಾ?”

“ನಾನೇ ಕಣಮ್ಮ. ನಾಟಕ ಶುರುವಾದ ಐದು ನಿಮಿಷಕ್ಕೆ.”

“ಯಾಕೆ?”

“ಇಪ್ಪತ್ತೆರಡು ವರ್ಷದಿಂದ ತಂಡದಲ್ಲಿವ್ನಿ. ಈ ನಾಟಕನ ನಾಕು ಉತ್ಸವದಲ್ಲಿ ಆಡುದ್ವಿ. ಆರ್ಸೋರು ಎಲ್ಲಾ ಕಡೆ ಬರೋರು, ಹದಿನೈದು ನಿಮಿಷಕ್ಕೆ ಎದ್ದೋಗ್ಬುಡೋರು. ನಂದು ಕೊನೇಲಿ ಕಣಮ್ಮ. ಒಬ್ರಾದ್ರೂ ಕೂತು ನೋಡ್ಲಿ ಅಂತ. ಕಾಯಿಲೆ ಇತ್ತು ಅಂತ ನಂಗೇನ್ ಗೊತ್ತು?”

“ಬಾಗಿಲು ಬಡಿದಿದ್ದು ಕೇಳಿಸ್ತಾ?”

“ಕೇಳುಸ್ತು.”

“ನಿಲ್ಲಿಸಬಹುದಿತ್ತು. ಚಿಲಕ ಹಾಕಿದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು.”

ಚಂದ್ರಮತಿ ಸೆರಗಿನ ಅಂಚು ಮಡಚಿದಳು, ಬಿಡಿಸಿದಳು. “ಇನ್ನು ನಾಕೇ ನಿಮಿಷ ಇತ್ತು. ಲೈಟು ಕಣ್ಣಿಗೆ ಹೊಡೀತದೆ, ಮುಂದೆ ಏನೂ ಕಾಣಾಕಿಲ್ಲ. ಆದ್ರೂ ಗೊತ್ತಾಯ್ತದೆ ಕಣಮ್ಮ, ಜನ ಉಸ್ರು ಬಿಗಿ ಹಿಡ್ದು ನೋಡ್ತಾವ್ರೆ ಅಂತ. ಯಾವತ್ತೂ ಅಷ್ಟು ನಿಶ್ಶಬ್ದ ಇರ್ಲಿಲ್ಲ.”

ಮುಂದಿನ ಮಾತನ್ನು ಹೇಳಲೇಬೇಕೆಂದು ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಯಶೋಧಾ ಹೇಳಿದಳು.

“ಅವರೆಲ್ಲಾ ಬಾಗಿಲ ಕಡೆ ತಿರುಗಿದ್ರು. ಅರವತ್ತೊಂದು ಜನಾನೂ. ಮಾಲವಿಕಾ ಸಾಯೋದನ್ನ ನೋಡ್ತಿದ್ರು. ಸತ್ತೋರ ಬೆನ್ನೂ ನಿಮ್ಮ ಕಡೆಗೇ ಇತ್ತು.”

7.10ಕ್ಕೆ ಬಂಧನ. ಅಕ್ರಮ ತಡೆ ಮತ್ತು ಕೊಲೆಯಲ್ಲದ ನರಹತ್ಯೆ ಎಂದು FIR. ಉದ್ದೇಶದ ಬಗ್ಗೆ ಯಶೋಧಾ ಒಂದೇ ಸಾಲು ಬರೆದಳು: ತನ್ನ ಅಭಿನಯವನ್ನು ಆಯ್ಕೆದಾರರು ಒಮ್ಮೆ ಪೂರ್ತಿ ನೋಡಲಿ ಎಂಬುದು.

ಜೀಪು ಹತ್ತುವ ಮುನ್ನ ಚಂದ್ರಮತಿ ಕೀರ್ತಿಯ ಕೈ ಹಿಡಿದು ನಿಂತಳು. “ಒಬ್ರೂವೆ ನೋಡ್ಲಿಲ್ವೇನವ್ವ?”

ಕೀರ್ತಿ ಮೇಡಂ ಮುಖ ನೋಡಿದಳು. ಮೇಡಂ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.