ಹತ್ತೊಂಬತ್ತನೇ ನಂಬರಿನ ನಾಡಿ

"ಮೆಷಿನ್ ಸರಿಯಿಲ್ಲ," ಎಂದ ಅವನು. ಬೆರಳಿಗೆ ಸಿಕ್ಕಿಸಿದ್ದ, ನಾಡಿ ಅಳೆಯುವ ಕ್ಲಿಪ್ಪಿನ ಪುಟ್ಟ ಪರದೆಯಲ್ಲಿ ತೊಂಬತ್ತೆಂಟು ಮಿನುಗುತ್ತಿತ್ತು.

"ಹೋದ ವಾರಾನೂ ಹೀಗೇ ಅಂದ್ರಿ. ಆಮೇಲೆ ಬಿಚ್ಚಿ ನೋಡಿ, ಸರಿಯಾಗಿದೆ ಅಂತ ನೀವೇ ಬರ್ಕೊಟ್ರಿ," ಎಂದಳು ಅವಳು.

"ಇನ್ನೊಂದ್ಸಲ ಬಿಚ್ತೀನಿ ಮೇಡಂ."

ಆಸ್ಪತ್ರೆಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನು ಅವನು. ಅವಳು ಅಲ್ಲಿನ ಸಂಶೋಧನಾ ವಿಭಾಗದಲ್ಲಿ ಅಂಕಿಅಂಶ ನೋಡುವವಳು, ಎಲ್ಲರ ಬಾಯಲ್ಲೂ ಲೆಕ್ಕದ ಮೇಡಂ. ಕಾಫಿ ಕುಡಿದರೆ ನಾಡಿ ಜೋರಾಗುತ್ತದೆಯೇ ಎಂದು ಮೂವತ್ತು ಸಿಬ್ಬಂದಿಯ ಮೇಲೆ ಆರು ವಾರಗಳಿಂದ ಅಧ್ಯಯನ ನಡೆದಿತ್ತು. ಅದರಲ್ಲಿ ಅವನು ಹತ್ತೊಂಬತ್ತನೇ ನಂಬರು. ದಿನವೂ ನಾಡಿ ನೋಡುವವಳು ನರ್ಸಕ್ಕ, ಅಂದರೆ ಅವನ ಸ್ವಂತ ಅಕ್ಕ. ಮಂಗಳವಾರ, ಶುಕ್ರವಾರ ಅವಳಿಗೆ ವಾರ್ಡ್ ಡ್ಯೂಟಿ ಇದ್ದುದರಿಂದ ಆ ಎರಡು ದಿನ ಲೆಕ್ಕದ ಮೇಡಂ ಕೂರುತ್ತಿದ್ದಳು.

ಆ ದಿನಗಳಲ್ಲಿ ಅವನು ಸಾಲಿನ ಕೊನೆಗೇ ಬರುತ್ತಿದ್ದ. ಎಲ್ಲರೂ ಹೋಗುವ ತನಕ ಬಾಗಿಲಾಚೆಯ ಕಾಫಿ ಮೆಷಿನ್ನಿಗೆ ಒರಗಿ, ಕಪ್ಪಿನ ಮೇಲಿಂದ ಒಳಗೆ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆ ಎತ್ತಿದರೆ ಗೋಡೆಯ ಗಡಿಯಾರ ಕೆಟ್ಟಿದೆಯೇನೋ ಎಂಬಂತೆ ಅದನ್ನೇ ದಿಟ್ಟಿಸುತ್ತಿದ್ದ. ಅವಳಿಗೆ ನಗು ಬರುತ್ತಿತ್ತು, ತುಟಿ ಕಚ್ಚಿಕೊಳ್ಳುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ, ಅಧ್ಯಯನ ನಡೆಸುತ್ತಿದ್ದ ಡಾಕ್ಟರಮ್ಮ ಕುಣಿಯುವುದೊಂದು ಬಾಕಿ. "ಕಾಫಿ ಕುಡಿದ ದಿನ ಸರಾಸರಿ ಒಂದೂಕಾಲು ಬಡಿತ ಜಾಸ್ತಿ. ನಾಡಿದ್ದು ಸಭೇಲಿ ಇದನ್ನೇ ಓದ್ತೀನಿ. ನಾಳೆ ಸಂಜೆಯೊಳಗೆ ಸಹಿ ಮಾಡಿಕೊಡಮ್ಮ."

ಒಂದೂಕಾಲು ಬಡಿತ ಎಂದರೆ ಇದ್ದರೂ ಇಲ್ಲದಂತೆ. ಇಷ್ಟು ಬಡಕಲು ಸಂಬಂಧವನ್ನು ಅವಳು ಸುಲಭಕ್ಕೆ ನಂಬುವವಳಲ್ಲ. ಅದು ಬರೀ ಆಕಸ್ಮಿಕವಿರಬಹುದು, ಅಳೆದವರ ಎಡವಟ್ಟಿರಬಹುದು, ಮರೆಯಲ್ಲಿ ಬೇರೇನೋ ಕಾರಣ ನಿಂತಿರಬಹುದು. ಒಬ್ಬೊಬ್ಬರನ್ನೇ ಬಿಟ್ಟು ಲೆಕ್ಕ ಹಾಕುತ್ತ ಬಂದಳು. ಹದಿನೆಂಟು ಜನರವರೆಗೆ ಏನೂ ಅಲುಗಲಿಲ್ಲ. ಹತ್ತೊಂಬತ್ತನ್ನು ಬಿಟ್ಟಾಗ ಅರ್ಧ ಬಡಿತವೂ ಉಳಿಯಲಿಲ್ಲ.

ಅವನ ಪುಟ ತೆರೆದಳು. ಆರು ವಾರಗಳ ಸರಾಸರಿ ಸೋಮವಾರ ಎಪ್ಪತ್ತೊಂದು, ಬುಧವಾರ ಎಪ್ಪತ್ಮೂರು. ಮಂಗಳವಾರ ತೊಂಬತ್ತೇಳು, ಶುಕ್ರವಾರ ತೊಂಬತ್ತೊಂಬತ್ತು. ಕಾಫಿ ಕುಡಿದದ್ದೂ ಆ ಎರಡೇ ದಿನ. ಆ ಎರಡು ದಿನ ನಾಡಿ ನೋಡಿದವಳು ಯಾರೆಂದು ಕೊನೆಯ ಅಂಕಣದಲ್ಲಿ ಅವಳದೇ ಸಹಿ ಹೇಳುತ್ತಿತ್ತು.

ಅವಳ ಕಿವಿ ಬಿಸಿಯಾಯಿತು. ಮರುಕ್ಷಣ ತನ್ನನ್ನೇ ಗದರಿಕೊಂಡಳು. ಬರೀ ಹನ್ನೆರಡು ಅಳತೆ. ಅದರ ಮೇಲೆ ಮಹಲು ಕಟ್ಟುವುದೇ? ಅದು ನಿಜವಾಗಲಿ ಎಂದು ಆಸೆಪಡುವವರು ನೋಡಿದರೆ ಅಂಕಿಗಳೂ ಮುಖ ನೋಡಿ ಮಾತಾಡುತ್ತವೆ. ಮತ್ತು ಅವಳಿಗೆ ಆಸೆಯಿತ್ತು, ಬೇಕಾದಷ್ಟಿತ್ತು. ಡಾಕ್ಟರಮ್ಮನ ಮುಂದೆ ನಾನೇ ಕಾರಣ ಎಂದು ನಿಂತು, ಅದು ಸುಳ್ಳಾದರೆ ಆಸ್ಪತ್ರೆಯಿಡೀ ನಗುತ್ತದೆ.

ಬುಧವಾರ ಅವನನ್ನು ಕರೆಸಿದಳು. "ಕಾಫಿ ಕುಡೀಬೇಡಿ, ಹಾಗೇ ಬನ್ನಿ."

ಮೊದಲು ನರ್ಸಕ್ಕ ನೋಡಿದಳು. ಎಪ್ಪತ್ತೆರಡು.

"ಈಗ ನಾನು," ಎಂದು ಅವಳು ಕುರ್ಚಿ ಎಳೆದುಕೊಂಡಳು. ಬೆರಳು ಬೆರಳಿಗೆ ತಾಗಿತು. ಎಂಬತ್ತು, ಎಂಬತ್ತೊಂಬತ್ತು, ತೊಂಬತ್ತಾರು. ಅವನು ಗಡಿಯಾರ ನೋಡತೊಡಗಿದ.

"ನಂಗೆ ವಾರ್ಡಲ್ಲಿ ಕೆಲಸ ಇದೆ," ಎಂದು ನರ್ಸಕ್ಕ ಎದ್ದಳು. ಬಾಗಿಲಲ್ಲಿ ನಿಂತು, "ಆರು ವಾರದಿಂದ ನೋಡ್ತಿದ್ದೀನಿ ಕಣೋ. ಇವತ್ತಾದ್ರೂ ಬಾಯಿ ಬಿಡು," ಎಂದು ಹೇಳಿ ಹೋದಳು.



"ಅಕ್ಕನ ಮುಂದೆ ಯಾರ ನಾಡಿ ಓಡುತ್ತೆ," ಎಂದಳು ಅವಳು, ತನಗೆ ತಾನೇ ವಾದ ಹೂಡುವಂತೆ. "ಅಕ್ಕ ಅಂದ್ರೆ ಧೈರ್ಯ ಇರುತ್ತೆ. ಅಥವಾ ಇದು ಆಕಸ್ಮಿಕ. ಇಷ್ಟರಿಂದ ಏನೂ ಹೇಳೋಕಾಗಲ್ಲ."

"ಮೇಡಂ, ಆ ಮೆಷಿನ್ನ ಮೂರು ಸಲ ಬಿಚ್ಚಿದೀನಿ. ಒಂದು ಸ್ಕ್ರೂನೂ ಸಡಿಲ ಇಲ್ಲ." ಅವನು ಗಡಿಯಾರ ಬಿಟ್ಟು ಅವಳ ಕಣ್ಣು ನೋಡಿದ. "ಸಡಿಲ ಆಗಿರೋದು ನಾನೇ. ನೀವು ಮೊದಲ ದಿನ ಕೈ ಕೊಡಿ ಅಂದ್ರಲ್ಲ, ಅವತ್ತಿಂದ. ಕಾಫಿ ನಂಗೆ ಸೇರೋದೇ ಇಲ್ಲ. ಅಲ್ಲಿ ನಿಂತ್ರೆ ನೀವು ಕಾಣ್ತೀರಿ, ಅದಕ್ಕೆ ಕುಡೀತೀನಿ."

ಅವಳು ಅವನ ಬೆರಳಿನ ಕ್ಲಿಪ್ಪು ತೆಗೆದು ತನ್ನ ಬೆರಳಿಗೆ ಹಾಕಿಕೊಂಡಳು. ಪರದೆಯನ್ನು ಅವನ ಕಡೆ ತಿರುಗಿಸಿದಳು.

ನೂರಾ ಆರು.

"ಮೆಷಿನ್ ಸರಿಯಿಲ್ಲ," ಎಂದ ಅವನು ಮೆಲ್ಲಗೆ.

"ಸರಿ ಇದೆ," ಎಂದಳು. "ನಾನೂ ಕಾಫಿ ಕುಡಿದಿಲ್ಲ."

ಸಂಜೆ ಡಾಕ್ಟರಮ್ಮ ಕಾಗದ ಹಿಡಿದು ಬಂದಾಗ ಅವಳು ಎದ್ದು ನಿಂತು ಹೇಳಿದಳು, "ಕಾಫಿಗೂ ನಾಡಿಗೂ ಕಾಣೋದು ಬಡಕಲು ಸಂಬಂಧ ಮೇಡಂ, ಇದೆ ಅಂತ ಇದರಿಂದ ಹೇಳೋಕೆ ಬರಲ್ಲ. ಇದ್ದಿದ್ದೆಲ್ಲ ಹೆಚ್ಚುಕಮ್ಮಿ ಹತ್ತೊಂಬತ್ತನೇ ನಂಬರಿಂದು."

"ಅವನಿಗೇನಂತೆ? ಹೃದಯದ ತೊಂದರೆಯಾ?"

ಅವಳು ಆ ಕಾಗದಗಳ ಜೊತೆಗಿದ್ದ ಅಧ್ಯಯನದ ಅರ್ಜಿಯ ಕೊನೆಯ ಪುಟ ತಿರುವಿದಳು. ಅಧ್ಯಯನದಲ್ಲಿ ನಿಮಗೆ ವೈಯಕ್ತಿಕ ಆಸಕ್ತಿ ಇದೆಯೇ ಎಂಬ ಪ್ರಶ್ನೆಗೆ ಆರು ವಾರದ ಹಿಂದೆ ಇಲ್ಲ ಎಂದು ಬರೆದಿದ್ದಳು. ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ದುಂಡಗೆ 'ಇದೆ' ಎಂದು ಬರೆದು ಡಾಕ್ಟರಮ್ಮನ ಕೈಗೆ ಕೊಟ್ಟಳು.

ಡಾಕ್ಟರಮ್ಮ ಕಾಗದ ನೋಡಿದರು, ಅವಳ ಮುಖ ನೋಡಿದರು, ಬಾಗಿಲಾಚೆ ಖಾಲಿ ಕಪ್ಪು ಹಿಡಿದು ನಿಂತಿದ್ದವನನ್ನು ನೋಡಿದರು.

"ಇದಂತೂ ಬಡಕಲು ಸಂಬಂಧ ಅಲ್ಲ," ಎಂದು ಕನ್ನಡಕ ತೆಗೆದರು.